ಮಗನಿಗಾಗಿ ವಕೀಲಿಕೆ ಬಿಟ್ಟ ‘ಮೀಸೆ ಇರೋ ಅಮ್ಮ’ ಗಿಜುಭಾಯಿ

ಮುಖದ ಮೇಲೆ ಮೀಸೆ, ಸುತ್ತಲೂ ಪುಟ್ಟ ಮಕ್ಕಳ ಗುಂಪು. ಅದಕ್ಕೇ ಗುಜರಾತಿನ ಜನ ಗಿಜುಭಾಯಿ ಬಧೇಕಾ ಅವರನ್ನು ‘ಮೀಸೆ ಇರೋ ಅಮ್ಮ’ ಅಂತ ಕರೆದರು.

1885ರ ನವೆಂಬರ್ 15ರಂದು ಸೌರಾಷ್ಟ್ರದ ಚಿತ್ತಲ್‌ನಲ್ಲಿ ಹುಟ್ಟಿದ ಇವರು, 1907ರಲ್ಲಿ ದುಡಿಮೆಗೆಂದು ಪೂರ್ವ ಆಫ್ರಿಕಾಕ್ಕೆ ಹೋದರು. ವಾಪಸ್ ಬಂದು ಕಾನೂನು ಓದಿ ವಕೀಲರಾದರು.

1913ರಲ್ಲಿ ಮಗ ಹುಟ್ಟಿದ. ಇವನನ್ನು ಹೇಗೆ ಬೆಳೆಸೋದು ಅನ್ನೋ ಚಿಂತೆ ಶುರುವಾಯಿತು. ಆಗಿನ ಶಾಲೆ ಅಂದರೆ ಬೆತ್ತ, ಬಾಯಿಪಾಠ. ಅಲ್ಲಿಗೆ ಮಗನನ್ನು ಕಳಿಸಲು ಮನಸ್ಸು ಒಪ್ಪಲಿಲ್ಲ. ಇಟಲಿಯ ಮರಿಯಾ ಮಾಂಟೆಸ್ಸೊರಿ ಅವರ ವಿಚಾರಗಳನ್ನು ಓದಿದ ಮೇಲೆ ದಾರಿ ಕಂಡಿತು. 1916ರಲ್ಲಿ ವಕೀಲಿಕೆ ಬಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿದರು.

ಅಲ್ಲಿ ದೊಡ್ಡ ಹುಡುಗರ ಜೊತೆ ಕೆಲಸ ಮಾಡುವಾಗ ಒಂದು ವಿಷಯ ಗೊತ್ತಾಯಿತು. ಶಾಲೆಗೆ ಬರೋ ಹೊತ್ತಿಗೆ ಮಕ್ಕಳ ಅಭ್ಯಾಸಗಳು ಬೇರೂರಿಬಿಟ್ಟಿರುತ್ತವೆ. ಬುನಾದಿ ಹಾಕಬೇಕಾದ್ದು ಅದಕ್ಕೂ ಮೊದಲು. ಹಾಗಾಗಿ 1920ರಲ್ಲಿ ಪುಟಾಣಿಗಳಿಗಾಗಿ ಬಾಲಮಂದಿರ ತೆರೆದರು. ಅಲ್ಲಿ ಹೊಡೆತ ಇಲ್ಲ, ಬಹುಮಾನದ ಆಸೆಯೂ ಇಲ್ಲ. ಕಥೆ, ಹಾಡು, ಆಟ, ಹೊರಗಿನ ಸುತ್ತಾಟ. ತಮ್ಮ ಕೆಲಸ ತಾವೇ ಮಾಡಿಕೊಳ್ಳುವುದೂ ಅಲ್ಲಿ ಪಾಠವೇ.

ಗಿಜುಭಾಯಿ ಅಷ್ಟಕ್ಕೇ ನಿಲ್ಲಲಿಲ್ಲ. ಬಾಲಮಂದಿರದಲ್ಲಿ ಕಲಿತದ್ದು ಮನೆಯಲ್ಲಿ ಹಾಳಾದರೆ ಏನು ಉಪಯೋಗ? ಅದಕ್ಕೇ ಅಪ್ಪ-ಅಮ್ಮಂದಿರಿಗಾಗಿಯೂ ಬರೆದರು. ತಂದೆ-ತಾಯಿ ಆಗೋದು ಕಷ್ಟ ಎಂಬ ಅರ್ಥದ ಹೆಸರಿನ ಪುಸ್ತಕವೇ ಇದೆ. ಅವರ ಮಾತಿನ ಸಾರ ಇಷ್ಟೇ: ಮಗು ತಾನೇ ಗುಂಡಿ ಹಾಕಿಕೊಳ್ಳಲಿ, ತಾನೇ ಉಣ್ಣಲಿ, ಚೆಲ್ಲಿದರೆ ತಾನೇ ಒರೆಸಲಿ. ಅಂಗಡಿ ಬಾಗಿಲು ತೆಗೆಯೋಕೆ ಲೇಟಾಯ್ತು ಅಂತ ನಾವೇ ಎಲ್ಲ ಮಾಡಿಬಿಟ್ಟರೆ ಮಗು ಕಲಿಯೋದು ಯಾವಾಗ? ಹೆದರಿಸಿ ಹೇಳಿಕೊಟ್ಟದ್ದು ಉಳಿಯಲ್ಲ. ಮಗು ಕೇಳಿದ ಪ್ರಶ್ನೆಗೆ ಗದರಬಾರದು, ಉತ್ತರ ಕೊಡಬೇಕು. ಇದಕ್ಕೆಲ್ಲ ಖರ್ಚಿಲ್ಲ, ತಾಳ್ಮೆ ಬೇಕು ಅಷ್ಟೇ.

1932ರಲ್ಲಿ ಬಂದ ‘ದಿವಾಸ್ವಪ್ನ’ ಅವರ ಹೆಸರಾಂತ ಕೃತಿ. ಹಳೇ ಪದ್ಧತಿಯ ಶಾಲೆಯೊಂದರಲ್ಲಿ ಹೊಸ ಪ್ರಯೋಗಕ್ಕಿಳಿದ ಮೇಷ್ಟ್ರ ಕಥೆ ಅದು. 1939ರ ಜೂನ್ 23ರಂದು, 53ನೇ ವಯಸ್ಸಿನಲ್ಲಿ ಗಿಜುಭಾಯಿ ತೀರಿಕೊಂಡರು.

ಕೆಲಸ ಮಾತ್ರ ನಿಲ್ಲಲಿಲ್ಲ. ಭಾವನಗರದಲ್ಲಿ ಅವರ ಜೊತೆ ದುಡಿದಿದ್ದ ತಾರಾಬಾಯಿ ಮೋಡಕ್, ಮುಂದೆ ಮಹಾರಾಷ್ಟ್ರದ ಹಳ್ಳಿ, ಹಾಡಿಗಳ ಅಂಗಳದಲ್ಲೇ ಮಕ್ಕಳನ್ನು ಕೂಡಿಸಿ ಕಲಿಸಿದರು. ಅಂಗಳದಲ್ಲಿ ನಡೆದದ್ದಕ್ಕೇ ಅದು ಅಂಗನವಾಡಿ. 1975ರಲ್ಲಿ ಸರ್ಕಾರದ ಯೋಜನೆಯಾಗಿ ಬಂದು, ಇವತ್ತು ನಮ್ಮ ಓಣಿ ಓಣಿಯಲ್ಲೂ ಇರೋದು ಅದೇ ಹೆಸರು.