ಗಣಿತದ ಮಾಸ್ತರ ಕೆಟ್ಲೆ

ಡಾಕ್ಟರು ನಮ್ಮ ಎತ್ತರ, ತೂಕ ನೋಡಿ ಚೀಟಿಯಲ್ಲಿ ಬರೆಯುವ ಬಿಎಂಐ ಎಂಬ ಅಂಕಿಯ ಮೂಲಪುರುಷ ಒಬ್ಬ ಗಣಿತದ ಮಾಸ್ತರ. ಅವರೇ ಅಡಾಲ್ಫ್ ಕೆಟ್ಲೆ. ಇಂದಿನ ಬೆಲ್ಜಿಯಂನ ಗೆಂಟ್ ನಗರದಲ್ಲಿ 1796ರ ಫೆಬ್ರುವರಿ 22ರಂದು ಜನಿಸಿದರು. ಏಳನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡ ಅವರು ಹದಿಹರೆಯದಲ್ಲೇ ಶಾಲೆಯಲ್ಲಿ ಗಣಿತ ಕಲಿಸತೊಡಗಿದರು. 1819ರಲ್ಲಿ ಗೆಂಟ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದರು.

ಬ್ರಸೆಲ್ಸ್‌ನಲ್ಲಿ ಖಗೋಳ ವೀಕ್ಷಣಾಲಯ ಕಟ್ಟಿಸಬೇಕೆಂಬ ಹಂಬಲದಿಂದ 1823ರಲ್ಲಿ ಪ್ಯಾರಿಸ್‌ಗೆ ಹೋದರು. ಒಂದೇ ನಕ್ಷತ್ರವನ್ನು ಹಲವು ಸಲ ಅಳೆದು ಸರಾಸರಿ ತೆಗೆಯುವ ಖಗೋಳಜ್ಞರ ಪದ್ಧತಿಯನ್ನು ಮುಂದೆ ಮನುಷ್ಯರಿಗೇ ಅನ್ವಯಿಸಿದರು. ಹುಟ್ಟಿದ ಕೂಸಿನಿಂದ ಮುದುಕರವರೆಗಿನ ಎತ್ತರ, ತೂಕಗಳನ್ನು ಕಲೆಹಾಕಿದರು. ಬೆಳೆದವರಲ್ಲಿ ತೂಕವು ಸುಮಾರಾಗಿ ಎತ್ತರದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದು ಕಂಡುಕೊಂಡರು. 1835ರಲ್ಲಿ ಅವರ ಪ್ರಸಿದ್ಧ ಗ್ರಂಥ ಹೊರಬಂತು. ಅವರಿಗೆ ಬೇಕಾಗಿದ್ದದ್ದು ಇಡೀ ಸಮಾಜದ ಸರಾಸರಿ. ಒಬ್ಬೊಬ್ಬರ ಬೊಜ್ಜಿನ ಲೆಕ್ಕವಲ್ಲ.

1855ರಲ್ಲಿ ಪಾರ್ಶ್ವವಾಯು ಬಡಿದು ನೆನಪಿನ ಶಕ್ತಿ ಕುಂದಿತು. ಆದರೂ ಬರವಣಿಗೆ ಬಿಡಲಿಲ್ಲ. 1871ರಲ್ಲಿ ದೇಹಮಾಪನದ ಗ್ರಂಥ ಪ್ರಕಟಿಸಿದರು. 1874ರ ಫೆಬ್ರುವರಿ 17ರಂದು ತೀರಿಕೊಂಡರು. ಅವರ ಸೂತ್ರಕ್ಕೆ ಬಿಎಂಐ ಎಂಬ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಅವರಿಂದ.

ಸಾಫ್ಟ್‌ವೇರ್ ಕೆಲಸದವನಾದ ನನಗೆ ಈ ಸೂತ್ರದ ಮಿತಿಯೂ ಕಾಣುತ್ತದೆ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಅದು ಸ್ನಾಯುವೋ ಕೊಬ್ಬೋ ತಿಳಿಯುವುದಿಲ್ಲ. ಗರಡಿಯಲ್ಲಿ ಮೈ ಬೆಳೆಸಿದ ಪೈಲ್ವಾನನಿಗೂ ದಿನವಿಡೀ ಕುರ್ಚಿಯಲ್ಲಿ ಕೂರುವ ನನ್ನಂಥವನಿಗೂ ಒಂದೇ ಅಂಕಿ ಬರಬಹುದು.

1991ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ವಯಸ್ಸನ್ನೂ ಸೇರಿಸಿ ಕೊಬ್ಬಿನ ಅಂದಾಜಿಗೊಂದು ಸೂತ್ರ ಕೊಟ್ಟರು. ಗಂಡಸರಿಗೆ ಬಿಎಂಐಯನ್ನು 1.2ರಿಂದ, ವಯಸ್ಸನ್ನು 0.23ರಿಂದ ಗುಣಿಸಿ, ಕೂಡಿಸಿ, 16.2 ಕಳೆಯಬೇಕು, ಹೆಂಗಸರಿಗೆ 5.4 ಮಾತ್ರ. 170 ಸೆಂ.ಮೀ. ಎತ್ತರ, 68 ಕೆ.ಜಿ. ತೂಕದ ಗಂಡಸಿನ ಬಿಎಂಐ 23.5. ಇಪ್ಪತ್ತರ ವಯಸ್ಸಿನಲ್ಲಿ ಅವನ ಕೊಬ್ಬು ಶೇ. 16.6, ತೂಕ ಒಂದು ಗ್ರಾಂ ಹೆಚ್ಚದಿದ್ದರೂ ನಲವತ್ತಕ್ಕೆ ಶೇ. 21.2. ಇದೂ ಅಂದಾಜೇ. ಅದೇ ಬಿಎಂಐಗೆ ಯುರೋಪಿನವರಿಗಿಂತ ಭಾರತೀಯರಲ್ಲಿ ಕೊಬ್ಬು ಹೆಚ್ಚು. ಆದ್ದರಿಂದಲೇ ನಮ್ಮಲ್ಲಿ 25ರ ಬದಲು 23ಕ್ಕೇ ಎಚ್ಚರಿಕೆಯ ಗೆರೆ ಎಳೆದಿದ್ದಾರೆ. ತೆಳ್ಳಗೆ ಕಾಣುವವರಿಗೂ ಸಕ್ಕರೆ ಕಾಯಿಲೆ ಬರುವುದಕ್ಕೆ ಹೊಟ್ಟೆಯೊಳಗಿನ ಈ ಕೊಬ್ಬು ಒಂದು ಮುಖ್ಯ ಕಾರಣ.

ನಮ್ಮ ಹಿರಿಯರು ಧಾರವಾಡದ ಎರೆಭೂಮಿಯಲ್ಲಿ ದುಡಿದು ರೊಟ್ಟಿ ಅರಗಿಸಿಕೊಂಡರು. ನಮ್ಮಲ್ಲಿ ಹಲವರ ಊಟ ಹಾಗೆಯೇ ಇದೆ, ದುಡಿಮೆ ಹೋಗಿದೆ. ಸಹಪಾಠಿಗಳೇ, ತೂಕದ ಜೊತೆಗೆ ಟೇಪು ಹಿಡಿದು ಸೊಂಟವನ್ನೂ ಅಳೆದುಕೊಳ್ಳಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ ಡಾಕ್ಟರನ್ನು ಕಾಣಿರಿ. ಅಳೆದು ನೋಡಿದ ಮೇಲೆಯೇ ಮಾತಾಡಬೇಕೆಂಬುದು ಕೆಟ್ಲೆ ಮಾಸ್ತರರ ಬದುಕು ನಮಗೆ ಕಲಿಸುವ ಪಾಠ.