ಯುರೇನಿಯಂ ಅರಸಿದ, ನೀರನ್ನು ಮರೆಯದ ಭೂವಿಜ್ಞಾನಿ ದಾರಾಶಾ ವಾಡಿಯಾ

ವಾಡಿಯಾ ಎಂದೊಡನೆ ಮುಂಬಯಿ ಕನ್ನಡಿಗರಾದ ನಮಗೆ ಪರೇಲಿನ ಆಸ್ಪತ್ರೆ ಇಲ್ಲವೇ ಬಾಂಬೆ ಡೈಯಿಂಗ್ ನೆನಪಾಗುತ್ತದೆ. ಅದೇ ಹೆಸರಿನ ಇನ್ನೊಬ್ಬ ಪಾರ್ಸಿ ಮಹನೀಯರು ದಾರಾಶಾ ನೊಶೆರ್ವಾನ್ ವಾಡಿಯಾ. ಹಿಮಾಲಯದ ಕಲ್ಲುಗಳ ಇತಿಹಾಸವನ್ನು ಓದಿದ ಭೂವಿಜ್ಞಾನಿ. ಸ್ವತಂತ್ರ ಭಾರತಕ್ಕಾಗಿ ಯುರೇನಿಯಂ ಹುಡುಕುವ ಹೊಣೆ ಹೆಗಲೇರಿದಾಗ ಅವರ ವಯಸ್ಸು 65. ಬ್ಯಾಂಕಿನಲ್ಲಿ ನಾವು 60ಕ್ಕೆ ಶಾಲು, ಹಾರ, ಫಲಪುಷ್ಪ ಸ್ವೀಕರಿಸಿ ಮನೆ ಸೇರುವವರು.

ವಾಡಿಯಾ ಅವರು ಹುಟ್ಟಿದ್ದು 1883ರ ಅಕ್ಟೋಬರ್ 23ರಂದು, ಸೂರತ್‌ನಲ್ಲಿ. ತಂದೆ ರೈಲ್ವೆ ಸ್ಟೇಷನ್ ಮಾಸ್ತರರು. ಕೆಲಸವಿದ್ದ ಊರಿನಲ್ಲಿ ಒಳ್ಳೆಯ ಶಾಲೆ ಇರಲಿಲ್ಲವಾಗಿ ಬಾಲಕ ದಾರಾಶಾ ಅಜ್ಜಿಯ ಮನೆಯಲ್ಲಿದ್ದು ಓದಿದರು. ಮುಂದೆ ಬರೋಡಾ ಕಾಲೇಜು. ಅಲ್ಲಿ ಭೂಗರ್ಭಶಾಸ್ತ್ರವನ್ನು ಸರಿಯಾಗಿ ಕಲಿಸುವವರೇ ಇರಲಿಲ್ಲ. ಪುಸ್ತಕಗಳನ್ನೂ ಊರಿನ ಮ್ಯೂಸಿಯಂನ ಕಲ್ಲು, ಖನಿಜಗಳನ್ನೂ ಮುಂದಿಟ್ಟುಕೊಂಡು ಬಹುಮಟ್ಟಿಗೆ ತಾವೇ ಕಲಿತರು. ಹಗಲು ದುಡಿದು ರಾತ್ರಿಶಾಲೆ, ರಾತ್ರಿ ಕಾಲೇಜುಗಳಲ್ಲಿ ಓದಿ ಮೇಲೆ ಬಂದ ನಮ್ಮ ಹಿರಿಯರಿಗೆ ಈ ಬಗೆಯ ಕಲಿಕೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

1907ರಲ್ಲಿ ಜಮ್ಮುವಿನ ಪ್ರಿನ್ಸ್ ಆಫ್ ವೇಲ್ಸ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಊರಿಗೆ ಹತ್ತಿರದಲ್ಲೇ ಬೆಟ್ಟ. ರಜೆ ಸಿಕ್ಕಿದರೆ ಸಾಕು, ಸುತ್ತಿಗೆ ಹಿಡಿದು ಹೊರಡುತ್ತಿದ್ದರು. ಶಿವಾಲಿಕ್ ಬೆಟ್ಟಗಳಲ್ಲಿ ಅವರಿಗೆ ದೊರೆತ, ಲಕ್ಷಾಂತರ ವರ್ಷ ಹಿಂದಿನ ಆನೆ ಜಾತಿಯ ಪ್ರಾಣಿಯೊಂದರ ದಂತ ಸುಮಾರು 10 ಅಡಿ ಉದ್ದವಿತ್ತು. ಭಾರತದ ವಿದ್ಯಾರ್ಥಿಗಳಿಗೆ ಭಾರತದ ನೆಲದ ಬಗೆಗೆ ಒಂದು ಪಠ್ಯಪುಸ್ತಕವೇ ಇಲ್ಲವೆಂಬ ಕೊರತೆ ಅವರನ್ನು ಕಾಡುತ್ತಿತ್ತು. ಆ ಕೊರತೆ ನೀಗಿಸಲು ಅವರೇ ಬರೆದ 'ಜಿಯಾಲಜಿ ಆಫ್ ಇಂಡಿಯಾ' 1919ರಲ್ಲಿ ಪ್ರಕಟವಾಯಿತು. ಮುಂದೆ ಹಲವು ಬಾರಿ ಪರಿಷ್ಕೃತವಾಗಿ ಮರುಮುದ್ರಣಗೊಂಡ ಈ ಗ್ರಂಥವನ್ನು ಓದದೆ ಆ ಕಾಲದಲ್ಲಿ ಭೂವಿಜ್ಞಾನಿ ಆದವರು ವಿರಳ.

ಈ ಪುಸ್ತಕದಲ್ಲಿ ಒಂದು ವಿಶೇಷವಿದೆ. ದೇಶದ ಖನಿಜ ಸಂಪತ್ತನ್ನು ವಿವರಿಸುವ ಅಧ್ಯಾಯದಲ್ಲಿ ಮೊದಲು ಬರುವುದು ಚಿನ್ನವಲ್ಲ, ಕಲ್ಲಿದ್ದಲೂ ಅಲ್ಲ, ನೀರು! ಬಾವಿ, ಬುಗ್ಗೆಗಳ ಮಾತು ಮುಗಿದ ಮೇಲೆಯೇ ಲೋಹ, ರತ್ನಗಳ ಸರದಿ. ಬೋರ್‌ವೆಲ್ ಲಾರಿಗಳು ನಮ್ಮ ಊರುಗಳಿಗೆ ಬರುವುದಕ್ಕೆ ಎಷ್ಟೋ ದಶಕ ಮೊದಲು ಬರೆದ ಪಟ್ಟಿ ಇದು.

1921ರಲ್ಲಿ, 37ರ ಪ್ರಾಯದಲ್ಲಿ, ವಾಡಿಯಾ ಅವರು ಜಿಯಾಲಜಿಕಲ್ ಸರ್ವೇ ಆಫ್ ಇಂಡಿಯಾ ಸೇರಿದರು. ಕಾಶ್ಮೀರದಿಂದ ನಂಗಾ ಪರ್ಬತದವರೆಗೆ ಕಾಲ್ನಡಿಗೆಯಲ್ಲಿ ಸುತ್ತಿ ನಕ್ಷೆ ತಯಾರಿಸಿದರು. ವಾಯವ್ಯ ತುದಿಯಲ್ಲಿ ಹಿಮಾಲಯದ ಸಾಲುಗಳು ಹೇರ್‌ಪಿನ್ನಿನಂತೆ ಬಾಗಿರುವುದೇಕೆ? ಭಾರತದ ಹಳೆಯ, ಗಟ್ಟಿ ನೆಲದ ಚಾಚೊಂದು ಅಲ್ಲಿ ಅಡ್ಡಬಂದದ್ದರಿಂದ ಎಳೆಯ ಮಡಿಕೆಗಳು ಅದನ್ನು ಬಳಸಿ ಬಾಗಬೇಕಾಯಿತೆಂದು 1931ರಲ್ಲಿ ಅವರು ತೋರಿಸಿಕೊಟ್ಟರು. ಲಂಡನ್ನಿನ ಲಯೆಲ್ ಪದಕವೂ ಮುಂದೆ ಬಂತು. ಆದರೆ ಸರ್ವೇಯ ನಿರ್ದೇಶಕರ ಕುರ್ಚಿ ಅವರಿಗೆ ಸಿಗಲಿಲ್ಲ. 1851ರಲ್ಲಿ ಆರಂಭವಾದ ಆ ಸಂಸ್ಥೆ ಭಾರತೀಯ ನಿರ್ದೇಶಕರನ್ನು ಕಂಡದ್ದು 1951ರಲ್ಲಿ, ಎಂ. ಎಸ್. ಕೃಷ್ಣನ್ ಅವರ ಮೂಲಕ. ವಾಡಿಯಾ ಅವರಾದರೋ 1938ರಲ್ಲೇ ನಿವೃತ್ತರಾಗಿದ್ದರು. ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಸಿಲೋನಿಗೆ ಸರಕಾರಿ ಖನಿಜತಜ್ಞರಾಗಿ ಹೋದರು, 1944ರವರೆಗೆ ಅಲ್ಲಿ ದುಡಿದರು.

ಇನ್ನು ಯುರೇನಿಯಂ ವಿಷಯ. 1948ರಲ್ಲಿ ಹೋಮಿ ಭಾಭಾ ಅವರ ನೇತೃತ್ವದಲ್ಲಿ ಅಣುಶಕ್ತಿ ಆಯೋಗ ರಚನೆಯಾಯಿತು. ಕೇರಳದ ಕಡಲ ಮರಳಿನಲ್ಲಿ ಥೋರಿಯಂ ಧಾರಾಳವಾಗಿತ್ತು. ಆದರೆ ಥೋರಿಯಂ ಹಸಿ ಸೌದೆಯಿದ್ದಂತೆ, ತಾನಾಗಿ ಹೊತ್ತಿಕೊಳ್ಳದು. ಮೊದಲು ಒಲೆ ಹಚ್ಚಲು ಯುರೇನಿಯಂ ಎಂಬ ಒಣ ಸೌದೆ ಬೇಕು. ಅದು ನಮ್ಮಲ್ಲಿ ಎಲ್ಲಿದೆ, ಎಷ್ಟಿದೆ? ಗಯಾ ಜಿಲ್ಲೆಯ ಅಭ್ರಕ ಪ್ರದೇಶದಂಥ ಕೆಲವೆಡೆ ಚೂರುಪಾರು ಸಿಕ್ಕಿದ್ದು ಬಿಟ್ಟರೆ ಲೆಕ್ಕಕ್ಕೆ ಹಿಡಿಯುವಂಥದ್ದು ಕೈಯಲ್ಲಿರಲಿಲ್ಲ. ಭಾಭಾ ಅವರಿಗೆ ಆಗ ನಾಲ್ವತ್ತರ ಆಸುಪಾಸು. ತಮಗಿಂತ 26 ವರ್ಷ ಹಿರಿಯರಾದ ವಾಡಿಯಾ ಅವರಿಗೆ ಈ ಹುಡುಕಾಟ ಒಪ್ಪಿಸಿದರು. 1949ರಲ್ಲಿ ರೇರ್ ಮಿನರಲ್ಸ್ ಸರ್ವೇ ಘಟಕ ಹುಟ್ಟಿಕೊಂಡಿತು.

ಯುವ ಭೂವಿಜ್ಞಾನಿಗಳು ಗೈಗರ್ ಕೌಂಟರ್ ಹಿಡಿದು ಕಾಡು, ಗುಡ್ಡ, ಹಳೆಯ ತಾಮ್ರದ ಗಣಿಗಳ ದಾರಿ ಹಿಡಿದರು. ಕಲ್ಲಿನಿಂದ ವಿಕಿರಣ ಹೆಚ್ಚಿದಂತೆ ಆ ಪೆಟ್ಟಿಗೆಯ ಟಕ ಟಕ ಸದ್ದೂ ಹೆಚ್ಚುತ್ತದೆ. 1951ರಲ್ಲಿ, ಅಂದಿನ ಬಿಹಾರದ (ಇಂದಿನ ಜಾರ್ಖಂಡ್) ಸಿಂಗ್‌ಭೂಮ್ ತಾಮ್ರಪಟ್ಟಿಯ ಜಾದೂಗುಡದಲ್ಲಿ ಯುರೇನಿಯಂ ಅದಿರು ಪತ್ತೆಯಾಯಿತು. ದೇಶದ ಮೊದಲ ಯುರೇನಿಯಂ ಗಣಿ ಮುಂದೆ ಅಲ್ಲೇ ಆಯಿತು. ಗುಡ್ಡ ಹತ್ತಿಳಿದು ಬೆವರು ಸುರಿಸಿದ ಆ ಹುಡುಗರಿಗೆ ಇದರ ಶ್ರೇಯಸ್ಸು ಸಲ್ಲಬೇಕಾದ್ದೇ. ಅವರ ಬೆನ್ನ ಹಿಂದೆ ನಿಂತು ದಾರಿ ತೋರಿದವರು ವಾಡಿಯಾ.

ಈ ಹುಡುಕಾಟದಲ್ಲಿ ಕಲ್ಲಿನಷ್ಟೇ ನೀರಿಗೂ ಕೆಲಸವಿದೆ. ಗಾಳಿಯ ಆಮ್ಲಜನಕ ಬೆರೆತ ನೀರು ಬಂಡೆಯ ಸಂದಿಗಳಲ್ಲಿ ಇಳಿಯುವಾಗ ಯುರೇನಿಯಂ ಅದರಲ್ಲಿ ಕರಗಿ ಹರಿದುಹೋಗುತ್ತದೆ, ಆಮ್ಲಜನಕ ತೀರಿದಲ್ಲಿ ಮತ್ತೆ ಕಲ್ಲಿಗಂಟಿ ಕೂರುತ್ತದೆ. ಹಾಗಾಗಿ ಹಳ್ಳಿಯ ಬಾವಿ, ತೊರೆಗಳ ನೀರನ್ನು ಬಾಟಲಿಯಲ್ಲಿ ತುಂಬಿ ಪರೀಕ್ಷಿಸಿದರೆ ಅದಿರಿನ ಸುಳಿವು ಸಿಗುವುದುಂಟು. ಶೋಧಕನಿಗೆ ಇದು ಶುಭಸೂಚನೆ, ಆ ಬಾವಿಯ ನೀರು ಕುಡಿಯುವವನಿಗಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಯುರೇನಿಯಂಗೆ ಲೀಟರಿಗೆ 30 ಮೈಕ್ರೋಗ್ರಾಂ ಮಿತಿ ಹಾಕಿದೆ. ಕೋಲಾರದ ಕಡೆಯ ಗ್ರಾನೈಟ್ ನೆಲದಲ್ಲಿ ಆಳಕ್ಕೆ ಕೊರೆದ ಕೆಲವು ಕೊಳವೆಬಾವಿಗಳ ನೀರು ಆ ಮಿತಿಯನ್ನು ದಾಟಿದೆ. ಯಾವ ಗಣಿಯೂ ಅಲ್ಲಿ ಕಾರಣವಲ್ಲ, ನೆಲದ ಗುಣವೇ ಹಾಗೆ.

ವಾಡಿಯಾ ಅವರಿಗೂ ಕನ್ನಡ ನಾಡಿಗೂ ನೇರ ನಂಟಿದೆ. 1958ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಜಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾದ ಮೊದಲ ಅಧ್ಯಕ್ಷರು ಅವರೇ. ಸೊಸೈಟಿಯನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರಮುಖರಾದ ಬಿ. ಪಿ. ರಾಧಾಕೃಷ್ಣ ಅವರು ಅಂತರ್ಜಲದ ವಿಷಯದಲ್ಲಿ ಕನ್ನಡದಲ್ಲೇ ಪುಸ್ತಕ ಬರೆದು ನಮ್ಮವರಿಗೆ ತಿಳಿಹೇಳಿದರು.

1957ರಲ್ಲಿ ವಾಡಿಯಾ ಅವರು ರಾಯಲ್ ಸೊಸೈಟಿಯ ಫೆಲೋ ಆದರು. ಮರುವರ್ಷ ಪದ್ಮಭೂಷಣ, 1963ರಲ್ಲಿ ರಾಷ್ಟ್ರೀಯ ಪ್ರಾಧ್ಯಾಪಕ ಪದವಿ. ಮನ್ನಣೆಗಳ ಪಟ್ಟಿ ಇನ್ನೂ ಉದ್ದವಿದೆ. ನನಗೆ ಮುಖ್ಯವೆನಿಸುವುದು, 76ರ ಹೊತ್ತಿನಲ್ಲಿ ಅವರು ಮಧ್ಯ ಏಷ್ಯಾ ಹೇಗೆ ಒಣಗುತ್ತ ಬಂತೆಂಬುದನ್ನು ಕುರಿತು ಗ್ರಂಥ ಪ್ರಕಟಿಸಿದ್ದು. ಅಲ್ಲಿಯೂ ನೀರಿನದೇ ಚಿಂತೆ.

1969ರ ಜೂನ್ 15ರಂದು, 85ರ ವಯಸ್ಸಿನಲ್ಲಿ ಅವರು ನಿಧನರಾದರು. ಹಿಮಾಲಯದ ಅಧ್ಯಯನಕ್ಕೆಂದು ಅದರ ಹಿಂದಿನ ವರ್ಷವಷ್ಟೇ ದೆಹಲಿಯಲ್ಲಿ ಆರಂಭವಾಗಿದ್ದ ಸಂಸ್ಥೆ ಈಗ ಡೆಹ್ರಾಡೂನ್‌ನಲ್ಲಿ ಅವರ ಹೆಸರಿನಲ್ಲೇ ನಡೆಯುತ್ತಿದೆ. ಯುರೇನಿಯಂ ಹುಡುಕಲು ಹುಟ್ಟಿದ ಆ ಪುಟ್ಟ ಘಟಕ ಬೆಳೆದು, ಪರಮಾಣು ಖನಿಜ ನಿರ್ದೇಶನಾಲಯವಾಗಿ ಹೈದರಾಬಾದಿನ ಬೇಗಂಪೇಟೆಯಲ್ಲಿದೆ. ಅಲ್ಲಿನ ಕನ್ನಡ ಸಂಘದ ಮಿತ್ರರು ಆ ಕಚೇರಿಯ ಮುಂದೆ ಎಷ್ಟೋ ಸಲ ಹಾದುಹೋಗಿರಬಹುದು. ನಮ್ಮ ಯಾದಗಿರಿ ಜಿಲ್ಲೆ ಶಹಾಪುರ ತಾಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಕಂಡುಹಿಡಿದವರೂ ಅವರೇ. ಗಣಿ ಬಂದರೆ ಬಾವಿಯ ನೀರು ಏನಾದೀತು ಎಂಬುದು ಗೋಗಿಯ ಜನರ ಆತಂಕ.