ಮಿಠಾಯಿ ಭರಣಿಯೊಳಗೆ ಸಮುದ್ರ: ಫಿಲಿಪ್ ಹೆನ್ರಿ ಗಾಸ್

ಅಕ್ವೇರಿಯಂ ಅನ್ನೋ ಶಬ್ದಕ್ಕೆ ಲ್ಯಾಟಿನ್‌ನಲ್ಲಿ ಇದ್ದ ಹಳೆಯ ಅರ್ಥ ದನಗಳಿಗೆ ನೀರು ಕುಡಿಸುವ ಜಾಗ. ಅಂದ್ರೆ ನಮ್ಮ ನವಲಗುಂದ, ಅಣ್ಣಿಗೇರಿ ಕಡೆ ಹಿತ್ತಲಲ್ಲಿ ಇರುತ್ತಲ್ಲ, ಕಲ್ಲಿನ ದೋಣಿ, ಅದೇ. ಆ ಶಬ್ದವನ್ನು ಗಾಜಿನ ಪೆಟ್ಟಿಗೆಗೆ ಅಂಟಿಸಿ ಎಲ್ಲರ ಬಾಯಿಗೆ ತಂದವನು ಫಿಲಿಪ್ ಹೆನ್ರಿ ಗಾಸ್ ಎಂಬ ಇಂಗ್ಲೆಂಡಿನ ಮನುಷ್ಯ. ಒಂದು ಕಾಲಕ್ಕೆ ಅಲ್ಲಿ ಮನೆಮಾತಾಗಿದ್ದ ಹೆಸರು. ನಮ್ಮಂಥ ಮೆಕ್ಯಾನಿಕಲ್, ಸಿವಿಲ್ ಮಂದಿಗೆ ಇದು ಸಿಲೆಬಸ್‌ನಲ್ಲಿ ಬರೋದಿಲ್ಲ, ಬಿಡಿ. ಆದರೆ ಮನೆಯಲ್ಲಿ ಒಂದು ಟ್ಯಾಂಕ್ ಇಟ್ಟು ನೀಮೋ ಮೀನು ಸಾಕಬೇಕು ಅಂತ ಆಸೆ ಪಡುವ ಪ್ರತಿಯೊಬ್ಬರೂ ಇವನ ಹಿಂದೆಯೇ ನಡೆಯುತ್ತಿರೋದು. ಸಮುದ್ರದಿಂದ ದೂರ ಇರುವ ನಮ್ಮಂಥವರಂತೂ ಇನ್ನೂ ಹೆಚ್ಚು.

ಗಾಸ್ ಹುಟ್ಟಿದ್ದು 1810ರ ಏಪ್ರಿಲ್ 6ರಂದು, ವೂಸ್ಟರ್ ಎಂಬ ಊರಿನಲ್ಲಿ. ಅಪ್ಪ ಊರೂರು ತಿರುಗಿ ಸಣ್ಣ ಸಣ್ಣ ಭಾವಚಿತ್ರ ಬರೆದುಕೊಡುವ ಕಲಾವಿದ. ಕೈಯಲ್ಲಿ ಕಲೆ ಇತ್ತು, ಕಾಸು ಇರಲಿಲ್ಲ. ಹುಡುಗ ಬೆಳೆದದ್ದು ಪೂಲ್ ಎಂಬ ಬಂದರಿನಲ್ಲಿ. ಅಲ್ಲಿ ಅವನ ಅತ್ತೆ ಸೂಸನ್ ಬೆಲ್ ಸೀ ಅನಿಮೋನ್ ತೋರಿಸಿ ಪರಿಚಯ ಮಾಡಿಕೊಟ್ಟಳು. ನೋಡಲಿಕ್ಕೆ ಹೂವಿನಂತೆ ಕಾಣುವ, ಬಂಡೆಗೆ ಅಂಟಿಕೊಂಡೇ ಬದುಕುವ ಪ್ರಾಣಿ ಅದು. ತಾಜಾ ಸಮುದ್ರದ ನೀರು ತುಂಬಿದ ಪಾತ್ರೆಯಲ್ಲಿ ಅದನ್ನು ಇಟ್ಟು ನೋಡು ಅಂತ ಹೇಳಿಕೊಟ್ಟವಳೂ ಅವಳೇ. ಅಕ್ವೇರಿಯಂ ಇತಿಹಾಸದಲ್ಲಿ ಈ ಅತ್ತೆಗೆ ಇನ್ನೂ ಸ್ವಲ್ಪ ದೊಡ್ಡ ಜಾಗ ಸಿಗಬೇಕಿತ್ತು ಅಂತ ನನ್ನ ಅನಿಸಿಕೆ.

ಹದಿನೇಳನೇ ವಯಸ್ಸಿಗೆ, 1827ರಲ್ಲಿ, ಅವನನ್ನು ಅಟ್ಲಾಂಟಿಕ್ ದಾಟಿಸಿ ನ್ಯೂಫೌಂಡ್‌ಲ್ಯಾಂಡ್‌ಗೆ ಗುಮಾಸ್ತನಾಗಿ ಕಳಿಸಿದರು. ಕಾರ್ಬೊನಿಯರ್ ಎಂಬ ಊರು, ಕಾಡ್ ಮೀನು ಮತ್ತು ಸೀಲ್ ವ್ಯಾಪಾರದ ಲೆಕ್ಕ ಬರೆಯುವ ಕೆಲಸ. ನಾವು ಪಿಯುಸಿ ಮುಗಿಸಿ ಸೀಟು ಹುಡುಕುವ ವಯಸ್ಸು. ಅಲ್ಲಿ 1832ರಲ್ಲಿ ಸೂಕ್ಷ್ಮದರ್ಶಕದ ಬಗ್ಗೆ ಒಂದು ಹಳೇ ಪುಸ್ತಕ ಕೊಂಡ. ಅಲ್ಲಿಂದ ಶುರು ಹುಳ ಹುಪ್ಪಟೆಗಳ ಹುಚ್ಚು. 1835ರಲ್ಲಿ ಗೆಳೆಯರ ಜೊತೆ ಕೆನಡಾದ ಕಾಂಪ್ಟನ್‌ಗೆ ಹೋಗಿ ಒಕ್ಕಲುತನ ಮಾಡಿದ. ಮೂರು ವರ್ಷ, ಪೂರ್ತಿ ಲಾಸು. 1838ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಶಾಲೆ ಮಾಸ್ತರ. ಅಲ್ಲಿಯ ಚಿಟ್ಟೆಗಳು ಅವನಿಗೆ ಹಿಡಿಸಿದವು, ಗುಲಾಮಗಿರಿ ಕಣ್ಣಾರೆ ನೋಡಿ ಹೇಸಿಗೆ ಬಂತು. ಎಂಟು ತಿಂಗಳಿಗೇ ಹೊರಟ. 1839ರಲ್ಲಿ ಇಂಗ್ಲೆಂಡಿಗೆ ವಾಪಸ್ ಬಂದಾಗ ಜೇಬು ಖಾಲಿ. ಹಡಗಿನಲ್ಲಿ ಬರೆದ ಕೆನಡಾದ ಪ್ರಕೃತಿಯ ಪುಸ್ತಕ 1840ರಲ್ಲಿ ಅಚ್ಚಾಯಿತು, ಅದರಿಂದ ಹೇಗೋ ಒಂದು ದಾರಿ ಸಿಕ್ಕಿತು. 1844ರಿಂದ 1846ರವರೆಗೆ ಜಮೈಕಾದಲ್ಲಿದ್ದು ಹಕ್ಕಿಗಳ ಮೇಲೆ ಕೆಲಸ ಮಾಡಿದ. ಅಲ್ಲಿ ಸ್ಯಾಮ್ಯುಯೆಲ್ ಕ್ಯಾಂಪ್‌ಬೆಲ್ ಎಂಬ ಕಪ್ಪು ಹುಡುಗ ಅವನ ಸಹಾಯಕ. ಅವನ ಹೆಸರನ್ನು ಗಾಸ್ ಪುಸ್ತಕದಲ್ಲಿ ಮುಚ್ಚಿಡದೆ ಬರೆದ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

1848ರಲ್ಲಿ ಎಮಿಲಿ ಬೋಸ್ ಎಂಬ ಲೇಖಕಿಯನ್ನು ಮದುವೆಯಾದ. ಮರುವರ್ಷ ಮಗ ಎಡ್ಮಂಡ್ ಹುಟ್ಟಿದ. 1852ರಲ್ಲಿ ಆರೋಗ್ಯ ಕೆಟ್ಟು ಡೆವನ್ ಕರಾವಳಿಗೆ ಬಂದ. ನಮ್ಮ ಕಥೆಯ ನಿಜವಾದ ಭಾಗ ಇಲ್ಲಿಂದ.

ಇಳಿತದ ಹೊತ್ತಿಗೆ ಸಮುದ್ರ ಹಿಂದೆ ಸರಿದಾಗ ಬಂಡೆಗಳ ನಡುವೆ ಹೊಂಡಗಳಲ್ಲಿ ನೀರು ನಿಲ್ಲುತ್ತೆ. ಒಂದೊಂದು ಹೊಂಡವೂ ಒಂದೊಂದು ಊರು: ಅನಿಮೋನ್, ಸಿಗಡಿ, ಏಡಿ, ಬಣ್ಣದ ಪಾಚಿ, ಸಣ್ಣ ಮೀನು. ಗಾಸ್ ಉಳಿ ಸುತ್ತಿಗೆ ಹಿಡಿದು, ನೀರೊಳಗೆ ನಿಂತು, ಬಂಡೆಯ ತುಂಡಿನ ಸಮೇತ ಪಾಚಿಯನ್ನು ಎಬ್ಬಿಸಿ ತಂದು ಗಾಜಿನ ಪಾತ್ರೆಗಳಲ್ಲಿ ಇಟ್ಟ. ಪಾಚಿ ಆಮ್ಲಜನಕ ಕೊಡುತ್ತೆ, ಪ್ರಾಣಿ ಇಂಗಾಲದ ಡೈಆಕ್ಸೈಡ್ ಕೊಡುತ್ತೆ, ಎರಡೂ ಸಮ ಆದರೆ ನೀರು ಬದಲಿಸದೆ ಇಡಬಹುದು ಅನ್ನೋದು ಲೆಕ್ಕ. ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಸಿಹಿನೀರಿನಲ್ಲಿ ಇದೇ ಲೆಕ್ಕವನ್ನು 1850ರಲ್ಲೇ ಮಾಡಿ ತೋರಿಸಿದ್ದ.

ಇವರಿಬ್ಬರೇ ಮೊದಲಿಗರು ಅಂತಲೂ ಅಲ್ಲ. 1832ರಲ್ಲೇ ಸಿಸಿಲಿಯ ಮೆಸಿನಾದಲ್ಲಿ ಜಾನ್ ವಿಲ್‌ಪ್ರೂ ಪವರ್ ಎಂಬ ಫ್ರೆಂಚ್ ಹೆಣ್ಣುಮಗಳು ಗಾಜಿನ ತೊಟ್ಟಿ ಮಾಡಿಸಿ ಸಮುದ್ರಜೀವಿಗಳನ್ನು ಸಾಕಿ ಅಧ್ಯಯನ ಮಾಡಿದ್ದಳು. 1846ರಲ್ಲಿ ಆನಾ ಥಿನ್ ಎಂಬಾಕೆ ಟಾರ್ಕೀಯಿಂದ ಲಂಡನ್ನಿಗೆ ಜೀವಂತ ಹವಳ ಒಯ್ದು ಮನೆಯಲ್ಲಿ ಬದುಕಿಸಿದ್ದಳು. ನೀರಿಗೆ ಗಾಳಿ ಸೇರಲಿ ಅಂತ ಮನೆಯ ಕೆಲಸದಾಕೆ ಕಿಟಕಿ ಹತ್ತಿರ ನಿಂತು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಾ ಇರಬೇಕಿತ್ತು. ಕರೆಂಟಿಲ್ಲದ ಕಾಲದ ಏರ್ ಪಂಪ್! ಪುಸ್ತಕಗಳಲ್ಲಿ ಥಿನ್ ಹೆಸರಿದೆ, ಆ ಕೆಲಸದಾಕೆಯದು ಕಾಣೋದಿಲ್ಲ.

1853ರ ಮೇ ತಿಂಗಳಲ್ಲಿ ಲಂಡನ್ ಮೃಗಾಲಯದಲ್ಲಿ ಫಿಶ್ ಹೌಸ್ ತೆರೆಯಿತು, ಜಗತ್ತಿನ ಮೊದಲ ಸಾರ್ವಜನಿಕ ಅಕ್ವೇರಿಯಂ. ಅದಕ್ಕೆ ಬೇಕಾದ ಸಮುದ್ರಜೀವಿಗಳಲ್ಲಿ ಬಹಳಷ್ಟನ್ನು ಹಿಡಿದು ಕಳಿಸಿದವನು ಗಾಸ್. ಆದರೆ ಲಂಡನ್ನಿನಲ್ಲಿ ಸಮುದ್ರ ಇಲ್ಲ. ನೀರನ್ನು ಪೀಪಾಯಿಗಟ್ಟಲೆ ತರಿಸೋದು ಅಂದ್ರೆ ಖರ್ಚಿನ ಬಾಬತ್ತು.

ಇಲ್ಲಿ ನಮ್ಮ ಜಿಲ್ಲೆಯ ನಕಾಶೆ ಒಂದ್ಸಲ ನೋಡಿ. ಕಲಘಟಗಿಯ ಬೇಡ್ತಿ ಪಡುವಣಕ್ಕೆ ಹರಿದು, ಗಂಗಾವಳಿ ಅನ್ನಿಸಿಕೊಂಡು ಅರಬ್ಬಿ ಸಮುದ್ರ ಸೇರುತ್ತೆ. ನವಲಗುಂದದ ಬೆಣ್ಣೆಹಳ್ಳ ಮಲಪ್ರಭೆಗೆ ಬಿದ್ದು, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತೆ. ಎರಡು ಕಡೆಯ ಸಮುದ್ರಕ್ಕೂ ನೀರು ಕಳಿಸ್ತೀವಿ, ಒಂದು ಕಡೆಯಿಂದಲೂ ವಾಪಸ್ ಬರೋದಿಲ್ಲ. ಎರೆಮಣ್ಣಿನ ಬಾವಿಗಳಲ್ಲಿ ಸಿಗುವ ಸವಳು ನೀರು ನಾಲಿಗೆಗೆ ಉಪ್ಪು, ನಿಜ. ಆದರೆ ಅದರಲ್ಲಿರುವ ಲವಣಗಳ ಪ್ರಮಾಣವೇ ಬೇರೆ, ಅದು ಸಮುದ್ರದ ನೀರಲ್ಲ. ಹಾಗಾದರೆ ನಮ್ಮಲ್ಲಿ ಸಮುದ್ರದ ಮೀನು ಬದುಕೋದು ಹೇಗೆ?

1854ರ ಏಪ್ರಿಲ್‌ನಲ್ಲಿ ಗಾಸ್ ಕೊಟ್ಟ ಉತ್ತರವೇ ಇವತ್ತಿಗೂ ಉತ್ತರ. ಸಮುದ್ರದ ನೀರಿನ ರಾಸಾಯನಿಕ ವಿಶ್ಲೇಷಣೆ ಆಗಲೇ ಪುಸ್ತಕದಲ್ಲಿತ್ತು. ಅದನ್ನು ತಿರುಗಿಸಿ ಓದಿದ, ಅಷ್ಟೆ. ಅಡುಗೆ ಉಪ್ಪು, ಎಪ್ಸಮ್ ಸಾಲ್ಟ್, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್: ನಾಲ್ಕೇ ನಾಲ್ಕು ಲವಣ ತೂಕ ಮಾಡಿ ಸಿಹಿನೀರಿಗೆ ಹಾಕಿದ. ಸ್ಪಂಜಿನಲ್ಲಿ ಸೋಸಿ, ಮಿಠಾಯಿ ಅಂಗಡಿಯಲ್ಲಿ ತಿಂಡಿ ಜೋಡಿಸಿಡುವ ಗಾಜಿನ ಭರಣಿಗೆ ಸುರಿದ. ರಿವರ್ಸ್ ಎಂಜಿನಿಯರಿಂಗ್ ಅನ್ನೋದು ಇದಕ್ಕೇ ಅಲ್ವಾ? ಈಗಿನ ರೀಫ್ ಸಾಲ್ಟ್ ಡಬ್ಬಿಗಳಲ್ಲಿ ಹವಳದ ಅಸ್ಥಿಪಂಜರಕ್ಕೆ ಬೇಕಾದ ಕ್ಯಾಲ್ಸಿಯಂ, ಕಾರ್ಬೊನೇಟ್ ಕೂಡ ಇರುತ್ತೆ, ಲೀಟರಿಗೆ ಸುಮಾರು 35 ಗ್ರಾಂ ಲವಣ ಆಗುವ ಹಾಗೆ ಕಲಸಬೇಕು. ಆದರೆ ಉಪಾಯ ಮಾತ್ರ ಅದೇ ಭರಣಿಯದ್ದು.

ಇದಕ್ಕಿಂತ ಮುಖ್ಯವಾದದ್ದು ಆಮೇಲೆ ಅವನು ಮಾಡಿದ್ದು. ಅಥವಾ ಮಾಡದೇ ಇದ್ದದ್ದು. ನೀರು ತಯಾರಾದ ಕೂಡಲೇ ಪ್ರಾಣಿ ಬಿಡಲಿಲ್ಲ. ತೊಳೆದ ಕಲ್ಲು ಹರಳು ಹಾಕಿ, ಹಸಿರು ಪಾಚಿ ಬೆಳೆದಿದ್ದ ಒಂದೆರಡು ಬಂಡೆಯ ಚೂರು ಇಟ್ಟು, ಸುಮಾರು ಒಂದು ವಾರ ಕಾದ. ನೀರಿನಲ್ಲಿ ಪಾಚಿಯ ಬೀಜಕಣ ಹರಡಲಿ ಅಂತ ಅವನ ವಿಚಾರ. ಕಾರಣ ಅರ್ಧ ಸರಿ. ಆ ಕಲ್ಲಿನ ಮೇಲೆ ಕಣ್ಣಿಗೆ ಕಾಣದ ಇನ್ನೊಬ್ಬರು ಬಂದಿದ್ದರು: ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ. ಇವುಗಳನ್ನು ವಿನೊಗ್ರಾಡ್‌ಸ್ಕಿ ಪತ್ತೆ ಮಾಡಿದ್ದು 1890ರ ಸುಮಾರಿಗೆ, ಗಾಸ್ ಸತ್ತ ಮೇಲೆ. ಇವತ್ತು ಹೊಸ ಟ್ಯಾಂಕನ್ನು ನಾಲ್ಕರಿಂದ ಆರು ವಾರ ಮೀನಿಲ್ಲದೆ ಓಡಿಸೋದು ಈ ಬ್ಯಾಕ್ಟೀರಿಯಾ ಬೆಳೆಯಲಿ ಅಂತಲೇ. ಕುಂದಗೋಳದಲ್ಲಿ ನಮ್ಮ ಸೋದರಮಾವನ ಮಗ ಹೀಗೆ ಐದು ವಾರ ಬರೀ ನೀರು, ಕಲ್ಲು, ಪಂಪು ಇಟ್ಟುಕೊಂಡು ಕೂತಿದ್ದ. ಮನೆಗೆ ಬಂದವರೆಲ್ಲ ಮೀನು ಎಲ್ಲಿ ಅಂತ ಕೇಳಿ ಕೇಳಿ ಹೋದರು. ಅಜ್ಜಿಯಂತೂ ಕಲ್ಲಿಗೆ ಕರೆಂಟ್ ಬಿಲ್ ಕಟ್ಟುವ ಮೊಮ್ಮಗ ಅಂತ ಓಣಿಗೆಲ್ಲ ಹೇಳಿದಳು.

ಮೀನು ಬಂದ ದಿನವೂ ಅವಸರ ನಡೆಯೋದಿಲ್ಲ. ಸಮುದ್ರದ ಮೀನಿನ ಮೈಯೊಳಗಿನ ದ್ರವದಲ್ಲಿ ಉಪ್ಪು ಸಮುದ್ರದ ಮೂರನೇ ಒಂದರಷ್ಟು ಮಾತ್ರ. ಹಾಗಾಗಿ ಆಸ್ಮೋಸಿಸ್‌ನಿಂದ ಅದರ ಮೈನೀರು ಸದಾ ಹೊರಗೆ ಹೋಗುತ್ತಿರುತ್ತೆ. ಅದು ಸಮುದ್ರವನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳಿಂದ ಹೊರಹಾಕಿ ಬದುಕುತ್ತೆ. ನೀರಿನೊಳಗೆ ಇದ್ದೂ ಬಾಯಾರಿದ ಪ್ರಾಣಿ. ಅಂಗಡಿಯ ನೀರು 1.019 ಸ್ಪೆಸಿಫಿಕ್ ಗ್ರಾವಿಟಿ, ನಮ್ಮ ಟ್ಯಾಂಕು 1.025 ಇದ್ದರೆ, ಒಮ್ಮೆಲೇ ಬಿಟ್ಟಾಗ ಆ ಲೆಕ್ಕವೆಲ್ಲ ಏರುಪೇರು. ಅನಿಮೋನ್, ನಕ್ಷತ್ರಮೀನುಗಳ ಕಥೆ ಇನ್ನೂ ಕಷ್ಟ. ಅವುಗಳ ಮೈದ್ರವ ಹೊರಗಿನ ನೀರಿದ್ದ ಹಾಗೆಯೇ ಇರುತ್ತೆ, ತಡೆಯುವ ವ್ಯವಸ್ಥೆಯೇ ಇಲ್ಲ. ಅದಕ್ಕೇ ಮೊದಲು ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ಟ್ಯಾಂಕಿನಲ್ಲಿ ತೇಲಿಸಿ ಉಷ್ಣತೆ ಸಮ ಮಾಡೋದು. ಆಮೇಲೆ ಮೀನನ್ನು ಬಕೆಟ್ಟಿಗೆ ಹಾಕಿ, ಸಲೈನ್ ಏರಿಸಿದ ಹಾಗೆ ಸಣ್ಣ ಪೈಪಿನಲ್ಲಿ ಟ್ಯಾಂಕಿನ ನೀರನ್ನು ಹನಿ ಹನಿಯಾಗಿ ಬಿಡೋದು, ಸೆಕೆಂಡಿಗೆ ಎರಡು ಮೂರು ಹನಿ. ದೀಪ ಆರಿಸಿರಬೇಕು. ಚೀಲದ ನೀರು ಟ್ಯಾಂಕಿಗೆ ಬೀಳಬಾರದು.

ಇದರಲ್ಲೂ ಒಂದು ಸೂಕ್ಷ್ಮ ಇದೆ. ದೂರದಿಂದ, ಒಂದು ದಿನಕ್ಕಿಂತ ಹೆಚ್ಚು ಹೊತ್ತು ಚೀಲದಲ್ಲಿ ಬಂದ ಮೀನಿಗೆ ಹನಿ ಪದ್ಧತಿಯೇ ಮುಳುವಾಗಬಹುದು. ಮುಚ್ಚಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ ಇಳಿದಿರುತ್ತೆ. ಪಿಎಚ್ ಕಡಿಮೆ ಇದ್ದಾಗ ಅಮೋನಿಯಾ ಹೆಚ್ಚಾಗಿ ಅಮೋನಿಯಂ ರೂಪದಲ್ಲಿ, ಅಷ್ಟೇನೂ ವಿಷವಿಲ್ಲದೆ ಇರುತ್ತೆ. ಚೀಲ ಬಿಚ್ಚಿದ ಕೂಡಲೇ ಆ ಗಾಳಿ ಹೋಗಿ ಪಿಎಚ್ ಏರುತ್ತೆ, ಅಮೋನಿಯಾ ತನ್ನ ನಿಜ ರೂಪ ತೋರಿಸುತ್ತೆ. ಮೀನು ಎರಡು ತಾಸು ಅದರಲ್ಲೇ ಕೂತರೆ ಕಿವಿರು ಸುಟ್ಟ ಹಾಗೆ. ಅಂಥ ಮೀನಿಗೆ ಮೊದಲೇ ಅಂಗಡಿಯ ಉಪ್ಪಿನ ಮಟ್ಟಕ್ಕೇ ಸರಿಹೊಂದಿಸಿದ ಬೇರೆ ಟ್ಯಾಂಕ್ ಸಿದ್ಧ ಇಟ್ಟು, ಬಂದ ತಕ್ಷಣ ಅದಕ್ಕೆ ದಾಟಿಸಿ, ದಿನಗಳ ಮೇಲೆ ಉಪ್ಪು ಏರಿಸೋದು ಛಲೋ.

ಗಾಸ್‌ಗೆ ಮತ್ತೆ ಬರೋಣ. 1854ರಲ್ಲಿ ಬಂದ ಅವನ ದ ಅಕ್ವೇರಿಯಂ ಪುಸ್ತಕದ ಬಣ್ಣದ ಚಿತ್ರಗಳನ್ನು ನೋಡಿ ಇಂಗ್ಲೆಂಡ್ ಹುಚ್ಚಾಯಿತು. ಗಾಜಿನ ಮೇಲಿನ ತೆರಿಗೆ 1845ರಲ್ಲೇ ಹೋಗಿತ್ತು, ಗಾಜು ಅಗ್ಗ. ರೈಲು ಕರಾವಳಿಗೆ ಮುಟ್ಟಿತ್ತು. ಲಂಡನ್ನಿನಲ್ಲಿ ಲಾಯ್ಡ್ ಎಂಬಾತ ಸಮುದ್ರಜೀವಿಗಳನ್ನು ಮಾರುವ ಅಂಗಡಿಯನ್ನೇ ತೆರೆದ. ಗಾಸ್ ತಾನೇ 1855ರಲ್ಲಿ ಇಲ್‌ಫ್ರಾಕೂಂಬ್ ತೀರದಲ್ಲಿ ಆಸಕ್ತರಿಗೆ ಕ್ಲಾಸ್ ನಡೆಸಿದ. ಪುಸ್ತಕ ಓದಿದ ಮಂದಿ ಉಳಿ ಸುತ್ತಿಗೆ ಹಿಡಿದು ಬಂಡೆಗೆ ಇಳಿದರು. ಓದುವಾಗ ಸುತ್ತಿಗೆಯ ಪುಟ ನೆನಪಿಟ್ಟರು, ಕಾಯುವ ಪುಟ ಬಿಟ್ಟರು ಅಂತ ಕಾಣುತ್ತೆ. ಡ್ರಾಯಿಂಗ್ ರೂಮಿನ ತೊಟ್ಟಿಗಳಲ್ಲಿ ನೀರು ಕೊಳೆತು ಪ್ರಾಣಿಗಳು ಸತ್ತವು. ಸತ್ತ ಜಾಗಕ್ಕೆ ಹೊಸವು ಬೇಕು, ಮತ್ತೆ ತೀರಕ್ಕೆ.

1857ರ ಫೆಬ್ರವರಿಯಲ್ಲಿ ಎಮಿಲಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಳು. ಅದೇ ವರ್ಷ ಓಂಫಲೋಸ್ ಎಂಬ ಪುಸ್ತಕದಲ್ಲಿ ಗಾಸ್ ಬೈಬಲ್ಲಿನ ಸೃಷ್ಟಿಗೂ ಭೂಗರ್ಭದ ಪಳೆಯುಳಿಕೆಗಳಿಗೂ ಗಂಟು ಹಾಕಲು ಹೋದ. ದೇವರು ಭೂಮಿಯನ್ನು ಹಳೆಯದಾಗಿ ಕಾಣುವಂತೆಯೇ ಸೃಷ್ಟಿಸಿದ ಅನ್ನೋ ವಾದ. ವಿಜ್ಞಾನಿಗಳೂ ಒಪ್ಪಲಿಲ್ಲ, ಭಕ್ತರೂ ಒಪ್ಪಲಿಲ್ಲ. ಜನರಿಗೆ ಅವನ ಬಗ್ಗೆ ಇವತ್ತು ನೆನಪಿರೋದು ಹೆಚ್ಚಾಗಿ ಈ ಸೋಲು. ಇದು ಅನ್ಯಾಯ ಅಂತ ನನಗನ್ನಿಸುತ್ತೆ. ಚಿಕ್ಕ ಮಗನನ್ನು ಕರೆದುಕೊಂಡು ಟಾರ್ಕೀ ಹತ್ತಿರದ ಸೇಂಟ್ ಮೇರಿಚರ್ಚ್‌ಗೆ ಹೋಗಿ ನೆಲೆಸಿದ. ಅಪ್ಪ ಮಗ ದಿನಾ ಹೊಂಡಗಳ ಹತ್ತಿರ. ಬ್ರಿಟನ್ನಿನ ಸೀ ಅನಿಮೋನ್‌ಗಳ ಮೇಲಿನ ಅವನ ದೊಡ್ಡ ಗ್ರಂಥ 1860ಕ್ಕೆ ಮುಗಿಯಿತು. ಅದೇ ವರ್ಷ ಎಲೈಜಾ ಬ್ರೈಟ್‌ವೆನ್ ಎಂಬಾಕೆಯನ್ನು ಮದುವೆಯಾದ.

ಅಷ್ಟರಲ್ಲಿ ಹೊಂಡಗಳು ಬರಿದಾಗುತ್ತಿದ್ದವು. ಎಡ್ಮಂಡ್ ದೊಡ್ಡ ಸಾಹಿತಿಯಾಗಿ 1907ರಲ್ಲಿ ಬರೆದ ಆತ್ಮಕಥೆಯಲ್ಲಿ, ಆ ತೀರ ಹೇಗೆ ಹಾಳಾಯಿತು, ಅದಕ್ಕೆ ತನ್ನ ಪುಸ್ತಕಗಳೂ ಕಾರಣ ಅಂತ ಅಪ್ಪ ಎಷ್ಟು ನೊಂದುಕೊಂಡ ಅನ್ನೋದು ಇದೆ. ದೇವರು ಮಾಡಿಟ್ಟ ತೋಟ ಅಂತ ನಂಬಿ ಜಗತ್ತಿಗೆ ತೋರಿಸಿದವನ ಕಣ್ಣೆದುರಿಗೇ ಆ ತೋಟ ಬೋಳಾಯಿತು.

ನಮ್ಮ ಕಡೆ ಇದೆಲ್ಲ ದೂರದ ಮಾತಲ್ಲ. ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ. ಬಂಡೆ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟಕ್ಕೆ ಸೇರಿಸಿದ್ದಾರೆ, ಅಂದ್ರೆ ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ. ಸಮುದ್ರಕುದುರೆಗೂ ಹಾಗೆಯೇ. ಯಾರಾದರೂ ಸಮುದ್ರದಿಂದ ತೆಗೆದ ಹವಳದ ತುಂಡು ಅಗ್ಗಕ್ಕೆ ಕೊಡ್ತೀನಿ ಅಂದರೆ ಅದು ಆಫರ್ ಅಲ್ಲ, ಕೇಸು.

ಗಾಸ್‌ನ ಕೊನೆಯ ವರ್ಷಗಳು ರೋಟಿಫರ್‌ಗಳ ಜೊತೆ ಕಳೆದವು. ಹೊಂಡ, ಹಳ್ಳ, ಗಟಾರು ಎಲ್ಲಿಯ ನೀರಿನ ಹನಿಯಲ್ಲೂ ಸಿಗುವ, ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವ ಜೀವಿಗಳು ಇವು. ಹಡ್ಸನ್ ಎಂಬ ಇನ್ನೊಬ್ಬ ವಿಜ್ಞಾನಿಯ ಜೊತೆ ಸೇರಿ 1886ರಲ್ಲಿ ಅವುಗಳ ಮೇಲೆ ಗ್ರಂಥ ತಂದ. ಎಪ್ಪತ್ತು ದಾಟಿದ ಮುದುಕ, ಹಗಲಿಗೆ ಸೂಕ್ಷ್ಮದರ್ಶಕ, ರಾತ್ರಿಗೆ ದೂರದರ್ಶಕ. 1888ರ ಆಗಸ್ಟ್ 23ರಂದು ತೀರಿಕೊಂಡ.

ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನನ್ನು ಸಮುದ್ರದಿಂದ ಹಿಡಿಯದೆ ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ. ಮೊಟ್ಟೆಯಿಂದ ಬಂದ ಮರಿಯ ಬಾಯಿ ಎಷ್ಟು ಚಿಕ್ಕದು ಅಂದರೆ ಬೇರೆ ಯಾವ ಆಹಾರವೂ ಹಿಡಿಸೋದಿಲ್ಲ. ಮೊದಲ ದಿನಗಳಲ್ಲಿ ಅದಕ್ಕೆ ಹಾಕೋದು ರೋಟಿಫರ್.